ಮಗುವಿನ ಚಿಕಿತ್ಸೆಯನ್ನು ನಿರಾಕರಿಸುವ ಪೋಷಕರ ಅಧಿಕಾರ

ಕಾಯಿಲೆ ಬಿದ್ದ ಮಗುವಿಗೆ ವೈದ್ಯರು ಸೂಚಿಸಿದ ಚಿಕಿತ್ಸೆಯನ್ನು ಒಪ್ಪಲು ಅಥವಾ ಬೇಡವೆನ್ನಲು ತಂದೆತಾಯಿಗೆ ಇರುವ ಅಧಿಕಾರ ಮತ್ತು ಅದರ ಎಲ್ಲೆಗಳು. ಭಾರತದಲ್ಲಿ 18 ವರ್ಷ ತುಂಬುವವರೆಗೆ ವ್ಯಕ್ತಿ ಅಪ್ರಾಪ್ತ. ಆದ್ದರಿಂದ ಶಸ್ತ್ರಚಿಕಿತ್ಸೆ, ರಕ್ತ ಹಾಕುವುದು, ಕಿಮೊಥೆರಪಿ ಮೊದಲಾದವಕ್ಕೆ ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಅಧಿಕಾರದ ಜೊತೆಗೆ ಒಪ್ಪದಿರುವ ಅಧಿಕಾರವೂ ಬರುತ್ತದೆ. ಆದರೆ ಇದು ಪೋಷಕರು ತಮ್ಮ ದೇಹದ ಮೇಲೆ ಹೊಂದಿರುವ ಹಕ್ಕಿನಂಥದ್ದಲ್ಲ, ಮಗುವಿನ ಪರವಾಗಿ ಅವರ ಕೈಗೆ ಒಪ್ಪಿಸಿದ ಹೊಣೆ. ಪ್ರಾಪ್ತ ವಯಸ್ಸಿನವರು ತಮಗೆ ಸೂಚಿಸಿದ ಯಾವ ಚಿಕಿತ್ಸೆಯನ್ನೂ ಬೇಡವೆನ್ನಬಹುದು. ಮಗುವಿನ ವಿಷಯದಲ್ಲಿ ಮಗುವಿನ ಹಿತವೇ ಮೊದಲು. ಈ ತತ್ತ್ವವನ್ನು ಹೆಚ್ಚು ಕಡಿಮೆ ಎಲ್ಲ ದೇಶಗಳ ಕಾನೂನು ಒಪ್ಪಿದೆ. ಹಿತವೆಂದರೆ ಏನು, ಅದನ್ನು ನಿರ್ಧರಿಸುವವರು ಯಾರು ಎಂಬಲ್ಲಿ ಮಾತ್ರ ವಿವಾದ ಉಳಿದಿದೆ.

ಹಿನ್ನೆಲೆ

ಮಗುವಿನ ದೇಹದ ಮೇಲೆ ಮನೆಯವರಿಗೆ ಎಷ್ಟು ಅಧಿಕಾರ, ಸರ್ಕಾರಕ್ಕೆ ಎಷ್ಟು ಅಧಿಕಾರ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಸಿಡುಬಿನ ಲಸಿಕೆಯ ಕಾಲದಲ್ಲಿ. ಇಂಗ್ಲೆಂಡಿನಲ್ಲಿ 1853ರ ಕಾಯಿದೆ ಶಿಶುಗಳಿಗೆ ಲಸಿಕೆಯನ್ನು ಕಡ್ಡಾಯ ಮಾಡಿತು. ಅದರ ವಿರುದ್ಧ ದಶಕಗಳ ಕಾಲ ಚಳವಳಿ ನಡೆದು, 1898ರಲ್ಲಿ ಆತ್ಮಸಾಕ್ಷಿಯ ಕಾರಣ ಕೊಟ್ಟು ಹಿಂದೆ ಸರಿಯಲು ಪೋಷಕರಿಗೆ ಅವಕಾಶ ದೊರೆಯಿತು.

ಕರ್ನಾಟಕದಲ್ಲಿ ಲಸಿಕೆ ಮೊದಲು ಬೇರೂರಿದ್ದು ಒತ್ತಾಯದಿಂದಲ್ಲ, ಮಾದರಿಯಿಂದ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರವೊಂದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ ಇದ್ದಾರೆ. ಅವರು ಸೆರಗು ಸರಿಸಿ ತೋಳು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಸೂಚಿಸಲೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅರ್ಥೈಸಿದ್ದಾರೆ. ಇಂದಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1892ರ ಜಿಲ್ಲಾ ಲಸಿಕೆ ಕಾಯಿದೆ, ಅದನ್ನು ಜಾರಿಗೊಳಿಸಿದ ಊರುಗಳಲ್ಲಿ ಮಕ್ಕಳಿಗೆ ದೇವಿ (ಸಿಡುಬಿನ ಲಸಿಕೆ) ಹಾಕಿಸುವುದನ್ನು ಪೋಷಕರ ಕರ್ತವ್ಯವೆಂದು ವಿಧಿಸಿತು. ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಹಾಕುವ ಅಂದಿನ ಕ್ರಮಕ್ಕೆ ಜಾತಿಯ ಕಾರಣದಿಂದಲೂ ನೋವಿನ ಭಯದಿಂದಲೂ ಜನ ಹಿಂಜರಿದರು. ಸಿಡುಬು ಅಮ್ಮನ ಆಟ, ಅದಕ್ಕೆ ಅಡ್ಡ ಬರಬಾರದೆಂಬ ನಂಬಿಕೆಯೂ ಜೊತೆಗಿತ್ತು. ಭಾರತದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಕಾಯಿದೆ, ಮನವೊಲಿಕೆ, ಮನೆಮನೆ ತಿರುಗಿದ ನೌಕರರ ಶ್ರಮ ಮೂರೂ ಕೂಡಿದ್ದರಿಂದ ಈ ಗೆಲುವು ಸಾಧ್ಯವಾಯಿತು.

ನಿರಾಕರಣೆಯ ಬಗೆಗಳು

ಎಲ್ಲ ನಿರಾಕರಣೆಗಳೂ ಒಂದೇ ತೆರನಲ್ಲ. ಧರ್ಮದ ಕಟ್ಟಳೆಯಿಂದ ಬರುವ ನಿರಾಕರಣೆ ಒಂದು: ಯೆಹೋವನ ಸಾಕ್ಷಿಗಳು ರಕ್ತ ಹಾಕಿಸಿಕೊಳ್ಳುವುದಿಲ್ಲ. ಬೇರೆ ವೈದ್ಯಪದ್ಧತಿಯ ಮೇಲಿನ ಭರವಸೆಯಿಂದ ಬರುವುದು ಎರಡನೆಯದು. ಅಡ್ಡಪರಿಣಾಮದ ಭಯ, ಆಪರೇಷನ್ ಎಂದರೆ ಅಂಜಿಕೆ, ಹಿಂದೆ ದವಾಖಾನೆಯಲ್ಲಿ ಉಂಡ ಕಹಿ ಅನುಭವ ಮೂರನೆಯದು. ವಾಸಿಯಾಗುವ ಆಸೆ ಇಲ್ಲವೆಂದು ತಿಳಿದು ಮಗುವನ್ನು ಇನ್ನಷ್ಟು ನೋಯಿಸಬಾರದೆಂದು ನಿಲ್ಲಿಸುವುದು ನಾಲ್ಕನೆಯದು. ಐದನೆಯದು ಹಣ, ದೂರ ಮತ್ತು ದುಡಿಮೆಯ ಒತ್ತಡದಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಮೊದಲ ನಾಲ್ಕು ಆಯ್ಕೆಗಳು. ಐದನೆಯದಕ್ಕೆ ನಿರಾಕರಣೆ ಎಂಬ ಹೆಸರು ಹಚ್ಚುವುದೇ ಅನ್ಯಾಯ. ಆದರೂ ಆಸ್ಪತ್ರೆಯ ದಾಖಲೆಯಲ್ಲಿ ಐದೂ 'ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ' ಎಂಬ ಒಂದೇ ಸಾಲಿನಲ್ಲಿ ಕಾಣುತ್ತವೆ.

ಶಿರೂರು ಮತ್ತು ಸುತ್ತಲಿನ ಸೀಮೆ

ಈ ಬಗೆಗಳು ಹಳ್ಳಿಯ ಬದುಕಿನಲ್ಲಿ ಹೇಗೆ ಕಾಣುತ್ತವೆಂಬುದಕ್ಕೆ ಉತ್ತರ ಕರ್ನಾಟಕದ ಒಂದು ಸೀಮೆಯನ್ನು ನೋಡಬಹುದು. ಬಾಗಲಕೋಟೆ ತಾಲ್ಲೂಕಿನ ಶಿರೂರು, ಅದರ ಆಸುಪಾಸಿನ ಬಾದಾಮಿ, ಹುನಗುಂದ, ಇಳಕಲ್ ಭಾಗದ ಹಳ್ಳಿಗಳಲ್ಲಿ ಈ ಪ್ರಶ್ನೆ ಸಿದ್ಧಾಂತದ ಜಗಳವಾಗಿ ಬರುವುದು ಅಪರೂಪ. ಅದು ತಡಮಾಡಿದ ಅಥವಾ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಾಗಿ, ಇಲ್ಲವೇ ಮೊದಲು ಬೇರೆಡೆ ಹೋಗಿ ಕೊನೆಗೆ ದವಾಖಾನೆಗೆ ಬರುವ ದಾರಿಯಾಗಿ ಕಾಣುತ್ತದೆ. ಕೂಸು ಅತ್ತರೆ ದೃಷ್ಟಿ ತೆಗೆಯುವುದು, ಅಂಗಾರ ಹಚ್ಚುವುದು, ತಾಯತ ಕಟ್ಟುವುದು ಮನೆಯ ಮಮತೆಯ ಭಾಗ. ಚಿಕಿತ್ಸೆಯನ್ನು ತಡಮಾಡದಿದ್ದರೆ ಇವುಗಳಿಂದ ಕೆಡುಕಿಲ್ಲ. ಕಾಮಣಿಗೆ (ಕಾಮಾಲೆಗೆ), ಹೊಟ್ಟೆ ಉಬ್ಬರಕ್ಕೆ, ಫಿಟ್ಸಿಗೆ ಬರೆ ಎಳೆಯುವ, ಚುಟಿಗೆ ಹಾಕುವ ರೂಢಿ ಹಾಗಲ್ಲ. ಅದು ಕೂಸಿನ ಎಳೆಯ ಚರ್ಮಕ್ಕೆ ಗಾಯ ಮಾಡಿ ಸೋಂಕಿಗೆ ಬಾಗಿಲು ತೆರೆಯುತ್ತದೆ.

ಇಂಥ ಉಪಚಾರಗಳ ಮೇಲೆ ನಂಬಿಕೆ ಉಳಿಯಲು ಕಾರಣವಿದೆ. ನವಜಾತ ಶಿಶುಗಳಲ್ಲಿ ಕಾಣುವ ಕಾಮಣಿ ಬಹುಪಾಲು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ, ಇಳಿದ ಶ್ರೇಯ ಬರೆಗೆ ಸಲ್ಲುತ್ತದೆ. ಕೆಲವು ಕೂಸುಗಳಲ್ಲಿ ಮಾತ್ರ ಪಿತ್ತವರ್ಣಕ ವಿಪರೀತ ಏರಿ ಮಿದುಳಿಗೆ ಶಾಶ್ವತ ಹಾನಿ ಮಾಡುತ್ತದೆ. ಅವಕ್ಕೆ ಬೇಕಾದದ್ದು ನೀಲಿ ಬೆಳಕಿನ ಚಿಕಿತ್ಸೆ, ಅದೂ ಹೊತ್ತಿಗೆ ಸರಿಯಾಗಿ. ಹಾವು ಕಚ್ಚಿದಾಗಲೂ ಹೀಗೆಯೇ. ಕಚ್ಚಿದ ಹಾವುಗಳಲ್ಲಿ ಹಲವು ವಿಷವಿಲ್ಲದವು, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥ ಮಗು ಮಂತ್ರ ಹಾಕಿಸಿದ ಮೇಲೆ ಎದ್ದು ಕೂತರೆ ಮಂತ್ರದ ಹೆಸರು ಊರು ತುಂಬುತ್ತದೆ. ಆ ಹೆಸರು ನಂಬಿ ಮೊದಲು ಮಂತ್ರಕ್ಕೆ ಹೋದರೆ, ನಾಗರಹಾವು ಅಥವಾ ಕೊಳಕುಮಂಡಲ ಕಚ್ಚಿದ ಮಗುವಿಗೆ ಪ್ರತಿವಿಷದ ಇಂಜೆಕ್ಷನ್ ಸಿಗುವ ಹೊತ್ತು ಅಷ್ಟರಲ್ಲಿ ಮೀರಿರುತ್ತದೆ. ಹುಚ್ಚುನಾಯಿ ಕಡಿತದಲ್ಲಿ ತಪ್ಪಿಗೆ ಎಡೆಯೇ ಇಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆನ್ನುವಷ್ಟು ಅಪರೂಪ. ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು ಕೂಡಲೇ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಉಳಿದ ಚುಚ್ಚುಮದ್ದುಗಳನ್ನೂ ಪೂರ್ತಿಗೊಳಿಸಿದರೆ ಮಗು ಉಳಿಯುತ್ತದೆ.

ಬಡತನ ಮತ್ತು ಗುಳೆ ಇನ್ನೊಂದು ಮುಖ. ಈ ಭಾಗದ ಕೂಲಿಕಾರರು ಗೋವಾ, ಮಂಗಳೂರು, ಉಡುಪಿಗೆ ದುಡಿಯಲು ಹೋಗುತ್ತಾರೆ. ಮಗು ಊರಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತದೆ. ಆಪರೇಷನ್ನಿಗೆ ಸಹಿ ಯಾರು ಹಾಕಬೇಕು, ಮಗನಿಗೆ ಕೇಳದೆ ಒಪ್ಪಬಹುದೇ ಎಂಬ ಅಳುಕಿನಲ್ಲಿ ಹೊತ್ತು ಹೋಗುತ್ತದೆ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. ಅದಕ್ಕೂ ಮಿಗಿಲಾದ ಚಿಕಿತ್ಸೆ ಬೇಕಾದರೆ ಹುಬ್ಬಳ್ಳಿಗೆ, ಮಕ್ಕಳ ಕ್ಯಾನ್ಸರಿಗೆ ಹಲವು ಸಲ 400 ಕಿ.ಮೀ.ಗೂ ಆಚೆಯ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಚೆನ್ನಾಗಿ ವಾಸಿಯಾಗುವಂಥದ್ದು. ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ಆದರೆ ಚಿಕಿತ್ಸೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಸತತ ನಾಲ್ಕು ವಾರ ಅಥವಾ ಹೆಚ್ಚು ಕಾಲ ಬಾರದೆ ಉಳಿದರೆ ಅದನ್ನು ಚಿಕಿತ್ಸೆ ಕೈಬಿಟ್ಟದ್ದೆಂದು ಮಕ್ಕಳ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘ ಪರಿಗಣಿಸುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ತಪ್ಪಿದ ಕೂಲಿ, ಬಸ್ಸಿನ ಖರ್ಚು, ಊರಲ್ಲಿ ಬಿಟ್ಟು ಬಂದ ಉಳಿದ ಮಕ್ಕಳ ಚಿಂತೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಹೆಣ್ಣುಮಗುವಿನ ಪಾಲಿಗೆ ಈ ಲೆಕ್ಕ ಇನ್ನೂ ಬಿಗಿ. ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳಲ್ಲಿ ಹುಡುಗರೇ ಹೆಚ್ಚೆಂದು 2022ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಪತ್ರಿಕೆ ಪ್ರಕಟಿಸಿದ ಭಾರತದ ಅಧ್ಯಯನ ತೋರಿಸಿದೆ.

ಭಾರತದ ಕಾನೂನು

ಈ ಪ್ರಶ್ನೆಗೆಂದೇ ರೂಪಿಸಿದ ಪ್ರತ್ಯೇಕ ಕಾಯಿದೆ ಭಾರತದಲ್ಲಿಲ್ಲ. ಹಲವು ಕಾಯಿದೆಗಳ ಅಂಶಗಳನ್ನು ಕೂಡಿಸಿ ಉತ್ತರ ಹುಡುಕಬೇಕು.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 13ನೇ ಕಲಂ ಪ್ರಕಾರ, ಪೋಷಕರನ್ನು ನೇಮಿಸುವಾಗ ಮಗುವಿನ ಕ್ಷೇಮವೇ ಸರ್ವೋಪರಿ. 1890ರ ಪೋಷಕರು ಮತ್ತು ಪಾಲಿತರ ಕಾಯಿದೆಯೂ ಕ್ಷೇಮವನ್ನೇ ಮುಂದಿಡುತ್ತದೆ. ತಂದೆಯ 'ನಂತರ' ತಾಯಿ ಸಹಜ ಪೋಷಕಿ ಎಂಬ ಮಾತನ್ನು ಗೀತಾ ಹರಿಹರನ್ ಪ್ರಕರಣದಲ್ಲಿ (1999) ಸುಪ್ರೀಂ ಕೋರ್ಟ್ ತಂದೆಯ 'ಅನುಪಸ್ಥಿತಿಯಲ್ಲಿ' ಎಂದು ವ್ಯಾಖ್ಯಾನಿಸಿತು. ಗುಳೆ ಹೋದ ಗಂಡನ ಹಾದಿ ಕಾಯದೆ ತಾಯಿ ಸಹಿ ಹಾಕಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ, ಹಳೆಯ ದಂಡಸಂಹಿತೆಯ 89ನೇ ಕಲಮಿನ ಜಾಗದಲ್ಲಿ ಬಂದದ್ದು. 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪೋಷಕರ ಅಥವಾ ಮಗುವನ್ನು ಕಾನೂನುಬದ್ಧವಾಗಿ ನೋಡಿಕೊಳ್ಳುತ್ತಿರುವ ಇತರರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅದು ರಕ್ಷಣೆ ಕೊಡುತ್ತದೆ. ಮಗುವನ್ನು ಸಾಕುತ್ತಿರುವ ಅಜ್ಜಿಯ ಒಪ್ಪಿಗೆಗೂ ಇದರಿಂದ ಬೆಲೆಯುಂಟು. 30ನೇ ಕಲಂ ತುರ್ತಿಗೆ ಸಂಬಂಧಿಸಿದ್ದು. ಒಪ್ಪಿಗೆ ಪಡೆಯಲು ಸಮಯವಿಲ್ಲದಾಗ ವೈದ್ಯರು ಮಗುವಿನ ಜೀವ ಉಳಿಸಲು ಮುಂದಾಗಬಹುದು. 1860ರ ದಂಡಸಂಹಿತೆಯೇ ಇದಕ್ಕೆ ಉದಾಹರಣೆ ಕೊಟ್ಟಿತ್ತು: ಅಪಘಾತದಲ್ಲಿ ಗಾಯಗೊಂಡ ಮಗುವಿಗೆ ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಸಾವು ಖಚಿತ, ಪೋಷಕರನ್ನು ಕೇಳಲು ಹೊತ್ತಿಲ್ಲ, ಮಗು ಬೇಡವೆಂದು ಅತ್ತರೂ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯನದು ಅಪರಾಧವಲ್ಲ. ಪೋಷಕರು ಎದುರಿಗೇ ನಿಂತು ಬೇಡವೆಂದಾಗ ಏನು ಎಂಬುದನ್ನು ಈ ಕಲಂ ಹೇಳುವುದಿಲ್ಲ. ಭಾರತದ ವೈದ್ಯರು ಇಕ್ಕಟ್ಟಿಗೆ ಸಿಲುಕುವುದು ಇಲ್ಲಿಯೇ.

ಆ ಇಕ್ಕಟ್ಟಿನಲ್ಲಿ ನೆರವಿಗೆ ಬರುವುದು 2015ರ ಬಾಲನ್ಯಾಯ ಕಾಯಿದೆ. ಪೋಷಕರು ಮಗುವನ್ನು ನೋಡಿಕೊಳ್ಳಲು ಅನರ್ಹರು ಅಥವಾ ಅಸಮರ್ಥರೆಂದು ಕಂಡುಬಂದರೆ ಆ ಮಗು 'ಪಾಲನೆ ಮತ್ತು ರಕ್ಷಣೆ ಬೇಕಾದ ಮಗು'. ಅದರ ವಿಚಾರ ನಡೆಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. 75ನೇ ಕಲಂ ಪ್ರಕಾರ ಮಗುವಿನ ಹೊಣೆ ಹೊತ್ತವರು ಬೇಕೆಂದೇ ಉಪೇಕ್ಷಿಸಿ ಅದಕ್ಕೆ ಅನಗತ್ಯ ಯಾತನೆ ತಂದರೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕೈಮೀರಿದ ಪರಿಸ್ಥಿತಿಯಿಂದ ಹೆತ್ತವರು ಮಗುವನ್ನು ತೊರೆದಿದ್ದರೆ ಅದನ್ನು ಬೇಕೆಂದು ಮಾಡಿದ್ದೆನ್ನಬಾರದೆಂದೂ ಅದೇ ಕಲಂ ಹೇಳುತ್ತದೆ. ಬಡತನವನ್ನು ಅಪರಾಧವೆಂದು ಎಣಿಸದ ಈ ವಿವೇಕ ಮುಖ್ಯ. ಸಮಿತಿಯ ಮೇಲೆ ಹೈಕೋರ್ಟ್ ಇದೆ. ಬಾಗಲಕೋಟೆ ಜಿಲ್ಲೆಗೆ ಧಾರವಾಡ ಪೀಠ. ತನ್ನನ್ನು ತಾನು ಕಾಪಾಡಿಕೊಳ್ಳಲಾಗದವರಿಗೆ ತಾಯಿತಂದೆಯ ಸ್ಥಾನದಲ್ಲಿ ನಿಲ್ಲುವ ಅಧಿಕಾರದಿಂದ ಹೈಕೋರ್ಟ್ ಚಿಕಿತ್ಸೆಗೆ ಆದೇಶಿಸಬಹುದು.

ಪೋಷಕರ ಪರವಾದ ಹಕ್ಕೂ ಸ್ಪಷ್ಟವಾಗಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು, ಚಿಕಿತ್ಸೆ ಕೊಡಿಸದಿದ್ದರೆ ಆಗುವುದೇನು ಎಂಬುದನ್ನು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದಿತು. ಓದಲಾಗದ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆಯೂ ಆಗದು, ನಿರಾಕರಣೆಯೂ ಆಗದು.

ಕರ್ನಾಟಕದ ಮೌಢ್ಯ ನಿಷೇಧ ಕಾಯಿದೆ

ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ 2017ರ ಅಧಿನಿಯಮ 2020ರ ಜನವರಿಯಲ್ಲಿ ಜಾರಿಗೆ ಬಂತು. ನಾಯಿ, ಹಾವು, ಚೇಳು ಕಚ್ಚಿದವರನ್ನು ವೈದ್ಯಕೀಯ ಚಿಕಿತ್ಸೆಯಿಂದ ತಡೆದು ಮಂತ್ರತಂತ್ರ, ಗಂಡೆದಾರಗಳಿಂದ ಉಪಚರಿಸುವುದು ಅದರಡಿ ಅಪರಾಧ. ವಾಸಿ ಮಾಡುವ ಹೆಸರಿನಲ್ಲಿ ಮಕ್ಕಳನ್ನು ಮುಳ್ಳಿನ ಮೇಲೆ ಅಥವಾ ಎತ್ತರದಿಂದ ಎಸೆಯುವುದೂ ನಿಷಿದ್ಧ. ಇದರ ಹಿಂದೆ ಬಾಗಲಕೋಟೆ ಜಿಲ್ಲೆಯದೇ ನೆನಪು ಇದೆ. ನಾಗರಾಳದ ದಿಗಂಬರೇಶ್ವರ ಗುಡಿಯಲ್ಲಿ ಆಯುರಾರೋಗ್ಯದ ಹರಕೆಗೆಂದು ಕೂಸುಗಳನ್ನು ಮಾಳಿಗೆಯಿಂದ ಕೆಳಗೆ ಹಿಡಿದ ಕಂಬಳಿಗೆ ಬಿಡುವ ಆಚರಣೆ ದೇಶದ ಗಮನ ಸೆಳೆದಿತ್ತು. ಪ್ರಾರ್ಥನೆ, ಹರಕೆ, ಉಪವಾಸಗಳನ್ನು ಈ ಕಾಯಿದೆ ಮುಟ್ಟುವುದಿಲ್ಲ. ಸಂವಿಧಾನದ 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯವೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟಿದ್ದು. ದೇವರಿಗೆ ಹರಕೆ ಹೊರುವುದು ಮತ್ತು ಮಗುವನ್ನು ದವಾಖಾನೆಗೆ ಒಯ್ಯದಿರುವುದು ಬೇರೆ ಬೇರೆ ವಿಷಯಗಳೆಂಬುದೇ ಕಾನೂನಿನ ನಿಲುವು. ಹಾವು ಕಚ್ಚಿದವರು ಆಸ್ಪತ್ರೆಗೆ ಬರಬೇಕೆಂಬ ಈ ನಿಲುವಿನ ಜೊತೆಗೆ, 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು.

ಲಸಿಕೆ

ಆರೋಗ್ಯವಂತ ಮಗುವಿಗೆ ಹಾಕುವ ಲಸಿಕೆ ಕಾಯಿಲೆಯ ಚಿಕಿತ್ಸೆಗಿಂತ ಭಿನ್ನ. ನಿರಾಕರಿಸಿದ ಪರಿಣಾಮ ನೆರೆಮನೆಯ ಮಗುವಿಗೂ ತಟ್ಟಬಹುದು. 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ (ಬಾಗಲಕೋಟೆ ಭಾಗದ ಮಾತಿನಲ್ಲಿ ಗೊಬ್ಬರ) ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಮೊದಲಾಯಿತು. ವಾಟ್ಸ್ಆ್ಯಪ್‌ನಲ್ಲಿ ಹಬ್ಬಿದ ಸುಳ್ಳು ಸುದ್ದಿ ನಂಬಿ ಹಲವು ಪೋಷಕರು ಆಗ ಹಿಂಜರಿದರು. ಜೇಕಬ್ ಪುಲಿಯೆಲ್ ಪ್ರಕರಣದ ತೀರ್ಪಿನಲ್ಲಿ (2022ರ ಮೇ 2) ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದೂ, ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಸಮಂಜಸವಾದ ನಿರ್ಬಂಧ ಹೇರಬಹುದೆಂದೂ ಹೇಳಿತು. ಮಕ್ಕಳಿಗೆ ಲಸಿಕೆ ಕೊಡುವ ಸರ್ಕಾರದ ನಿರ್ಧಾರವನ್ನು ಎತ್ತಿಹಿಡಿಯಿತು. ಭಾರತದಲ್ಲಿ ಪೋಲಿಯೊ ಅಳಿದದ್ದು ಶಿಕ್ಷೆಯ ಬೆದರಿಕೆಯಿಂದಲ್ಲ, ಹಿಂಜರಿದ ಮನೆಯ ಬಾಗಿಲಿಗೆ ಮತ್ತೆ ಮತ್ತೆ ಹೋದ ಕಾರ್ಯಕರ್ತೆಯರಿಂದ. ದೇಶದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ.

ಬೇರೆ ವೈದ್ಯಪದ್ಧತಿಯ ಆಯ್ಕೆ

ಭಾರತದಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪಥಿಗಳಿಗೆ ಕಾನೂನಿನ ಮನ್ನಣೆಯಿದೆ. ಬಾಗಲಕೋಟೆ, ಇಳಕಲ್ಲುಗಳಲ್ಲಿ ಆಯುರ್ವೇದ ಕಾಲೇಜುಗಳಿವೆ. ಆದ್ದರಿಂದ ಇಂಗ್ಲಿಷ್ ಔಷಧ ಬೇಡವೆಂದು ನೋಂದಾಯಿತ ಆಯುರ್ವೇದ ವೈದ್ಯರಲ್ಲಿಗೆ ಮಗುವನ್ನು ಒಯ್ಯುವುದು ಅಪರಾಧವಲ್ಲ. ನೆಗಡಿ, ಅಜೀರ್ಣ, ಚರ್ಮದ ಸಣ್ಣ ತೊಂದರೆಗಳಲ್ಲಿ ಪೋಷಕರ ಆಯ್ಕೆಗೆ ವಿಶಾಲವಾದ ಜಾಗವಿದೆ. ನೋಂದಣಿ ಇಲ್ಲದ ನಾಟಿ ವೈದ್ಯರ ಮೇಲಿನ ಭರವಸೆಯೂ ಆಳವಾದದ್ದು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ನರಸೀಪುರದ ನಾರಾಯಣಮೂರ್ತಿ (ನಿಧನ 2020) ಕೊಡುತ್ತಿದ್ದ ಔಷಧಕ್ಕೆ ದೇಶದ ನಾನಾ ಕಡೆಯ ಕ್ಯಾನ್ಸರ್ ರೋಗಿಗಳು ಸಾಲುಗಟ್ಟುತ್ತಿದ್ದರು.

ಎಲ್ಲೆ ಬರುವುದು ಕಾಯಿಲೆ ಜೀವಕ್ಕೆ ಎರವಾಗುವಂಥದ್ದಾಗಿ, ಅದಕ್ಕೆ ಖಚಿತವಾದ ಚಿಕಿತ್ಸೆ ಇರುವಾಗ. ಒಂದನೇ ಬಗೆಯ ಮಧುಮೇಹದ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಮಿದುಳು ಪೊರೆಯ ಉರಿಯೂತಕ್ಕೆ ಆ್ಯಂಟಿಬಯೋಟಿಕ್ ತಡವಾದರೆ ಸಾವು ಅಥವಾ ಕಿವುಡು. 2009ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಎಕ್ಸಿಮಾ ಉಲ್ಬಣಿಸಿದ ಒಂಬತ್ತು ತಿಂಗಳ ಮಗಳಿಗೆ ಹೋಮಿಯೋಪಥಿಯನ್ನಷ್ಟೇ ನೆಚ್ಚಿಕೊಂಡು ಆಸ್ಪತ್ರೆಯ ಚಿಕಿತ್ಸೆ ತಡಮಾಡಿದ ಭಾರತ ಮೂಲದ ದಂಪತಿಗೆ ಮಗುವಿನ ಸಾವಿನ ಹೊಣೆ ಹೊರಿಸಿ ಸೆರೆಮನೆ ಶಿಕ್ಷೆ ವಿಧಿಸಲಾಯಿತು. ತಂದೆ ಸ್ವತಃ ಹೋಮಿಯೋಪಥಿ ವೈದ್ಯ. ಪ್ರೀತಿ ಇದ್ದಷ್ಟಕ್ಕೆ ಹೊಣೆ ಮುಗಿಯುವುದಿಲ್ಲವೆಂದು ಆ ತೀರ್ಪು ಸಾರಿತು.

ವಾಸಿಯಾಗದ ಕಾಯಿಲೆ

ಗುಣವಾಗುವ ಸಾಧ್ಯತೆಯೇ ಇಲ್ಲದಾಗ ಯಂತ್ರಗಳಿಂದ ಜೀವ ಎಳೆಯುವುದು ಬೇಡವೆನ್ನುವ ಪೋಷಕರ ಮಾತಿಗೆ ತೂಕವಿದೆ. ಅವರನ್ನು ಚಿಕಿತ್ಸೆ ನಿರಾಕರಿಸಿದವರೆಂದು ದೂರುವುದು ಸಲ್ಲದು. ಕಾಮನ್ ಕಾಸ್ ಪ್ರಕರಣದ 2018ರ ತೀರ್ಪು ಮತ್ತು ಅದರ 2023ರ ಮಾರ್ಪಾಡುಗಳು ಜೀವಾಧಾರ ಚಿಕಿತ್ಸೆ ಹಿಂತೆಗೆಯಲು ಎರಡು ಹಂತದ ವೈದ್ಯಕೀಯ ಮಂಡಳಿಗಳ ಕ್ರಮವನ್ನು ಹಾಕಿಕೊಟ್ಟವು. 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಚಿಕಿತ್ಸೆ ನಿಂತರೂ ನೋವು ಶಮನ ಮಾಡುವ ಆರೈಕೆ ನಿಲ್ಲುವಂತಿಲ್ಲ.

2025ರ ಮಾರ್ಚ್‌ನಲ್ಲಿ ಇಂದೋರಿನಲ್ಲಿ ಮಿದುಳಿನ ಗಡ್ಡೆಯಿದ್ದ ಮೂರು ವರ್ಷದ ಹೆಣ್ಣುಮಗುವಿಗೆ ಸಂಥಾರಾ (ಸಾಯುವವರೆಗೆ ಆಹಾರ ತೊರೆಯುವ ಜೈನರ ವ್ರತ) ಕೊಡಿಸಿದ್ದು ಮಧ್ಯಪ್ರದೇಶ ಹೈಕೋರ್ಟಿನ ಮುಂದೆ ಹೋಯಿತು. ಸಲ್ಲೇಖನ ಎಂಬ ಹೆಸರಿನಲ್ಲಿ ಈ ವ್ರತ ಶ್ರವಣಬೆಳಗೊಳದ ಶಾಸನಗಳಿಂದ ಕನ್ನಡಿಗರಿಗೆ ಪರಿಚಿತ. ಅದು ತಿಳಿದು ತಾನೇ ಕೈಗೊಳ್ಳುವ ವ್ರತ. ಮೂರು ವರ್ಷದ ಮಗು ಅದನ್ನು ತಿಳಿದು ಕೈಗೊಳ್ಳಲಾರದು. ಅದರ ಪರವಾಗಿ ಮತ್ತೊಬ್ಬರು ಕೈಗೊಳ್ಳುವುದು ಆ ವ್ರತದ ತಿರುಳಿಗೇ ಹೊಂದದು.

ಇತರ ದೇಶಗಳು

ಅಮೆರಿಕದ ಸುಪ್ರೀಂ ಕೋರ್ಟ್ ಪ್ರಿನ್ಸ್ ಪ್ರಕರಣದಲ್ಲಿ (1944), ಪೋಷಕರ ಧಾರ್ಮಿಕ ಸ್ವಾತಂತ್ರ್ಯದಲ್ಲಿ ಮಗುವನ್ನು ಕಾಯಿಲೆ ಅಥವಾ ಸಾವಿಗೆ ಒಡ್ಡುವ ಹಕ್ಕು ಸೇರಿಲ್ಲವೆಂದಿತು. ಆದರೂ ಅಲ್ಲಿನ ಹಲವು ರಾಜ್ಯಗಳ ಕಾನೂನಿನಲ್ಲಿ ಧರ್ಮದ ಹೆಸರಿನ ವಿನಾಯಿತಿ ಉಳಿದಿದೆ. ಬ್ರಿಟನ್ನಿನಲ್ಲಿ ವೈದ್ಯರು ಮತ್ತು ಪೋಷಕರ ಮಧ್ಯೆ ಭಿನ್ನಾಭಿಪ್ರಾಯ ಬಗೆಹರಿಯದಿದ್ದರೆ ಹೈಕೋರ್ಟ್ ತೀರ್ಮಾನಿಸುತ್ತದೆ. 1996ರಲ್ಲಿ ಯಕೃತ್ತಿನ ಕಸಿ ಬೇಡವೆಂದ ತಾಯಿಯ ಮಾತನ್ನು ಮೇಲ್ಮನವಿ ನ್ಯಾಯಾಲಯ ಮನ್ನಿಸಿದ್ದು ಅಪರೂಪದ ಪ್ರಕರಣ. ಕೆನಡಾದ ಒಂಟಾರಿಯೊದಲ್ಲಿ 2014ರಲ್ಲಿ, ರಕ್ತದ ಕ್ಯಾನ್ಸರ್ ಇದ್ದ ಮೂಲನಿವಾಸಿ ಬಾಲಕಿಗೆ ಕಿಮೊಥೆರಪಿ ಮುಂದುವರಿಸುವಂತೆ ಒತ್ತಾಯಿಸಲು ನ್ಯಾಯಾಲಯ ಒಪ್ಪಲಿಲ್ಲ. ಮುಂದೆ ಕುಟುಂಬದೊಡನೆ ಮಾತುಕತೆ ನಡೆದು, ಸಾಂಪ್ರದಾಯಿಕ ಉಪಚಾರದ ಜೊತೆಗೆ ಕಿಮೊಥೆರಪಿಯನ್ನೂ ಕೊಡಲಾಯಿತು. ಅಮೆರಿಕದ ಮಕ್ಕಳ ವೈದ್ಯ ಡಗ್ಲಾಸ್ ಡೀಕೆಮಾ 2004ರಲ್ಲಿ ಮುಂದಿಟ್ಟ ಹಾನಿಯ ತತ್ತ್ವ ಈಗ ಚರ್ಚೆಯ ಕೇಂದ್ರದಲ್ಲಿದೆ: ಪೋಷಕರ ನಿರ್ಧಾರ ಅತ್ಯುತ್ತಮವಾಗಿರಬೇಕಿಲ್ಲ, ಅದು ಮಗುವನ್ನು ಗಂಭೀರವಾದ, ತಪ್ಪಿಸಬಹುದಾದ ಹಾನಿಗೆ ಒಡ್ಡಿದಾಗ ಮಾತ್ರ ಸರ್ಕಾರ ಅಡ್ಡ ಬರಬೇಕು.

ಮಗುವಿನ ಮಾತು

ಭಾರತ 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕೆನ್ನುತ್ತದೆ. 24ನೇ ವಿಧಿ ಆರೋಗ್ಯಕ್ಕೆ ಮಾರಕವಾದ ರೂಢಿಗಳನ್ನು ತೊಡೆಯಲು ಹೇಳುತ್ತದೆ. ಬ್ರಿಟನ್ನಿನ ಗಿಲ್ಲಿಕ್ ತೀರ್ಪು (1985) ತಿಳಿವಳಿಕೆ ಬಲಿತ ಹದಿಹರೆಯದವರು ತಾವೇ ಒಪ್ಪಿಗೆ ಕೊಡಬಹುದೆಂದಿತು. ಭಾರತದ ಆಸ್ಪತ್ರೆಗಳಲ್ಲಿ ಹದಿನೈದು, ಹದಿನಾರು ವರ್ಷದ ಮಗುವಿಗೂ ತನ್ನ ಕಾಯಿಲೆಯ ಹೆಸರನ್ನು ಹೇಳದಿರುವುದುಂಟು. ಇದು ಬದಲಾಗಬೇಕು.

ನಿರಾಕರಣೆ ಎದುರಾದಾಗ

ಪೋಷಕರು ಬೇಡವೆಂದಾಗ ವೈದ್ಯರ ಮೊದಲ ಕೆಲಸ ಕಾರಣ ಕೇಳುವುದು. ಹಣದ ತೊಂದರೆಯಾದರೆ ಯೋಜನೆಯ ದಾರಿ ತೋರಬೇಕು, ಭಯವಾದರೆ ತಿಳಿಯುವ ಮಾತಿನಲ್ಲಿ ವಿವರಿಸಬೇಕು. ಅಜ್ಜಿ, ಸೋದರಮಾವ, ಊರ ಹಿರಿಯರು, ಆಶಾ ಕಾರ್ಯಕರ್ತೆ, ಮಠದ ಸ್ವಾಮಿಗಳು ಮೊದಲಾದ ನಂಬಿಕಸ್ಥರ ನೆರವು ಪಡೆಯಬೇಕು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಅವಕಾಶವಿರಬೇಕು. ಇಷ್ಟಾದರೂ ಒಪ್ಪದೆ, ಮಗುವಿನ ಜೀವಕ್ಕೆ ಅಪಾಯವಿದ್ದರೆ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದು ವೈದ್ಯರ ಕರ್ತವ್ಯ. ಸಹಿ ಪಡೆದು ಕಳಿಸಿಬಿಟ್ಟರೆ ಆಸ್ಪತ್ರೆಯ ಕಾಗದ ಸರಿಯಾಗಬಹುದು, ಮಗುವಿನ ಹಕ್ಕು ಅದರಿಂದ ಮುಗಿಯುವುದಿಲ್ಲ.

ಪೋಷಕರ ಅಧಿಕಾರ ಸಣ್ಣ ಕಾಯಿಲೆಯಲ್ಲಿ ವಿಶಾಲ, ಗುಣವಾಗದ ಕಾಯಿಲೆಯಲ್ಲಿ ಗೌರವಾರ್ಹ, ಗುಣವಾಗುವ ಮಾರಕ ಕಾಯಿಲೆಯಲ್ಲಿ ತೀರ ಕಿರಿದು. ಈ ಮೂರನೆಯದರಲ್ಲಿ ಮಗುವಿನ ಬದುಕುವ ಹಕ್ಕೇ ಮೇಲು. ಆದರೆ ಶಿರೂರಿನಂಥ ಊರಿನ ಬಡ ತಾಯಿಯ ಮೇಲೆ ಕಾನೂನಿನ ಕೋಲೆತ್ತುವ ಮೊದಲು, ಆಕೆ ಬೇಡವೆಂದದ್ದು ಚಿಕಿತ್ಸೆಯನ್ನೋ ಚಿಕಿತ್ಸೆಯ ಖರ್ಚನ್ನೋ ಎಂದು ಕೇಳುವುದು ಸರ್ಕಾರದ ಹೊಣೆ. ಮಗುವಿನ ಜೀವ ಅಪಾಯದಲ್ಲಿದೆ ಎಂದು ಕಂಡವರು ಯಾರೇ ಆಗಲಿ ಆಂಬುಲೆನ್ಸಿಗೆ 108ಕ್ಕೆ, ಆರೋಗ್ಯ ಸಲಹೆಗೆ 104ಕ್ಕೆ, ಮಗುವಿನ ರಕ್ಷಣೆಗೆ 1098ಕ್ಕೆ ಕರೆ ಮಾಡಬೇಕು.